ಅರಮನೆಯ ದಾಂಪತ್ಯ ಕಲಹ ಮತ್ತು ವ್ಯಂಗ್ಯಚಿತ್ರ

1818ರಲ್ಲಿ ಬೆಳಗಾವಿಯ ಕೋಟೆ ಥಾಮಸ್ ಮನ್ರೋನ ಸೇನೆಗೆ ಶರಣಾಗಿ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಅದಾದ ಎರಡೇ ವರ್ಷಗಳಲ್ಲಿ ಆ ಕಂಪನಿಯ ನಾಡಿನ ದೊರೆ ತನ್ನ ರಾಜಧಾನಿಯಲ್ಲಿಯೇ ನಗೆಪಾಟಲಾದನು. ಅದಕ್ಕೆ ಕಾರಣ ಆತನ ದಾಂಪತ್ಯ, ಸಾಧನ ವ್ಯಂಗ್ಯಚಿತ್ರ.

ನಾಲ್ಕನೆಯ ಜಾರ್ಜ್ ಯುವರಾಜನಾಗಿದ್ದಾಗ, 1795ರಲ್ಲಿ, ಬ್ರನ್ಸ್‌ವಿಕ್‌ನ ಕ್ಯಾರೊಲಿನ್‌ಳನ್ನು ವರಿಸಿದನು. ಪಾರ್ಲಿಮೆಂಟಿನ ನೆರವಿನಿಂದ ತನ್ನ ಸಾಲವನ್ನು ತೀರಿಸಿಕೊಳ್ಳುವುದು ಈ ವಿವಾಹದ ಹಿಂದಿನ ಉದ್ದೇಶವಾಗಿತ್ತು. ಮರುವರ್ಷವೇ ದಂಪತಿಗಳು ಬೇರೆಯಾದರು. 1814ರಲ್ಲಿ ಕ್ಯಾರೊಲಿನ್ ದೇಶ ತೊರೆದಳು. 1820ರಲ್ಲಿ ಜಾರ್ಜ್ ಪಟ್ಟಕ್ಕೆ ಬಂದಾಗ ರಾಣಿಯ ಸ್ಥಾನವನ್ನು ಬಯಸಿ ಹಿಂದಿರುಗಿದಳು. ಸರ್ಕಾರವು ವ್ಯಭಿಚಾರದ ಆರೋಪ ಹೊರಿಸಿ, ಆಕೆಯ ಪದವಿಯನ್ನು ಕಸಿದು ವಿವಾಹವನ್ನು ರದ್ದುಗೊಳಿಸುವ ಮಸೂದೆಯನ್ನು ಮಂಡಿಸಿತು.

ಸ್ವತಃ ದೊರೆಗೆ ಅನೇಕ ಪ್ರೇಯಸಿಯರಿದ್ದ ಸಂಗತಿ ಜನಜನಿತವಾಗಿತ್ತು. ಆದರೆ ಮಸೂದೆಯು ವಿಚಾರಣೆಗೆ ಗುರಿಪಡಿಸಿದ್ದು ರಾಣಿಯನ್ನು ಮಾತ್ರ. ಸಭೆಯಲ್ಲಿ ನಡೆಯದ ದೊರೆಯ ವಿಚಾರಣೆಯನ್ನು ಮುದ್ರಣದಂಗಡಿಗಳ ಗಾಜಿನ ಕಿಟಕಿಗಳಲ್ಲಿ ತೂಗಿದ ಚಿತ್ರಗಳು ನಡೆಸಿದವು. ಓದು ಬಾರದವರೂ ಅವನ್ನು ನೋಡಿ ಅರ್ಥಮಾಡಿಕೊಳ್ಳಬಹುದಾಗಿತ್ತು.

ಇದನ್ನು ತಡೆಯುವುದು ಸುಲಭವಾಗಿರಲಿಲ್ಲ. 1817ರಲ್ಲಿ ಪ್ರಕಾಶಕ ವಿಲಿಯಂ ಹೋನ್‌ನ ಅಣಕುಬರಹಗಳ ಮೇಲೆ ಹೂಡಲಾದ ಮೂರು ಮೊಕದ್ದಮೆಗಳಲ್ಲಿಯೂ ಜ್ಯೂರಿಗಳು ಆತನನ್ನು ನಿರ್ದೋಷಿಯೆಂದು ಸಾರಿದ್ದರು. ಕಾನೂನು ಕೈಕೊಟ್ಟ ಕಡೆ ಹಣವನ್ನು ಪ್ರಯೋಗಿಸಲಾಯಿತು. ದೊರೆಯನ್ನು ಅನೈತಿಕ ಸನ್ನಿವೇಶಗಳಲ್ಲಿ ಚಿತ್ರಿಸುವುದಿಲ್ಲವೆಂಬ ವಚನಕ್ಕೆ ಪ್ರತಿಯಾಗಿ ಕಲಾವಿದ ಜಾರ್ಜ್ ಕ್ರೂಕ್‌ಷ್ಯಾಂಕ್‌ಗೆ 1820ರ ಜೂನ್‌ನಲ್ಲಿ 100 ಪೌಂಡುಗಳನ್ನು ನೀಡಲಾಯಿತು. ಆಗಸ್ಟ್‌ನಲ್ಲಿ ಅದೇ ಕ್ರೂಕ್‌ಷ್ಯಾಂಕ್‌ನ ಚಿತ್ರಗಳೊಡನೆ ಹೋನ್ 'ರಾಣಿಯ ದಾಂಪತ್ಯದ ಏಣಿ' ಎಂಬ ಕಿರುಹೊತ್ತಗೆಯನ್ನು ಹೊರತಂದನು. 14 ಮೆಟ್ಟಿಲುಗಳಲ್ಲಿ ಮದುವೆಯ ಕಥೆಯನ್ನು ಹೇಳುವ ಈ ಕೃತಿಯ ಮೊದಲ ಮೆಟ್ಟಿಲು 'ಅರ್ಹತೆ'. ಅಲ್ಲಿ ಕಾಣುವವನು ಕುಡಿದು ಕುಸಿದಿರುವ ವರ. ಕೊನೆಯ ಮೆಟ್ಟಿಲು 'ಅಧಃಪತನ'.

ರಾಣಿಯನ್ನು ಹೀಯಾಳಿಸುವ ಚಿತ್ರಗಳೂ ಪ್ರಕಟವಾದವೆಂಬುದನ್ನು ಮರೆಯುವಂತಿಲ್ಲ. ಆದರೂ ಜನಾಭಿಪ್ರಾಯವು ಆಕೆಯ ಕಡೆಗಿತ್ತು. ನವೆಂಬರ್ 10ರಂದು ಪ್ರಭುಗಳ ಸಭೆಯಲ್ಲಿ ಕೇವಲ 9 ಮತಗಳ ಅಂತರದಿಂದ ಅಂಗೀಕಾರ ಪಡೆದ ಮಸೂದೆಯನ್ನು ಸರ್ಕಾರ ಮುಂದುವರಿಸಲಾರದೆ ಕೈಬಿಟ್ಟಿತು.

ಈ ಜಯಕ್ಕೂ ಮಿತಿಯಿತ್ತು. 1821ರ ಜುಲೈನಲ್ಲಿ ನಡೆದ ಪಟ್ಟಾಭಿಷೇಕದಂದು ಕ್ಯಾರೊಲಿನ್‌ಗೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಬಾಗಿಲು ತೆರೆಯಲಿಲ್ಲ. ಮರುತಿಂಗಳೇ ಆಕೆ ತೀರಿಕೊಂಡಳು.

ಅರಮನೆಯ ಸಂಸಾರವನ್ನು ಕಂಡು ನಗುವುದು ಬೆಳಗಾವಿ ಸೀಮೆಗೆ ಹೊಸತೇನಲ್ಲ. ಶ್ರೀಕೃಷ್ಣ ಪಾರಿಜಾತದಲ್ಲಿ ರುಕ್ಮಿಣಿ–ಸತ್ಯಭಾಮೆಯರ ನಡುವೆ ಸಿಲುಕಿದ ದ್ವಾರಕೆಯ ಒಡೆಯನನ್ನು ಕಂಡು ಪ್ರೇಕ್ಷಕರು ನಕ್ಕಿದ್ದಾರೆ. ಆದರೆ ಅದು ಭಕ್ತಿಯೊಳಗಿನ ನಗೆ. ಲಂಡನ್ನಿನ ನಗೆಯಾದರೋ ಒಂದು ರಾಜಕೀಯ ಪ್ರಶ್ನೆಯಾಗಿತ್ತು: ಹೆಂಡತಿಯನ್ನು ಅಳೆಯುವ ಕೋಲಿನಿಂದ ದೊರೆಯನ್ನೂ ಅಳೆಯಬಾರದೇಕೆ? ವ್ಯಂಗ್ಯಚಿತ್ರದಿಂದ ರಾಣಿಗೆ ಸಿಂಹಾಸನ ದೊರೆಯಲಿಲ್ಲ. ಆದರೆ ದೊರೆಯ ಕೈಯಲ್ಲಿದ್ದ ಅಳತೆಗೋಲು ಜನರ ಕೈಗೆ ಬಂದಿತು.