ಅಂತರ್ಜಾಲದಲ್ಲಿ ಯಂತ್ರಕಲಿಕೆ: ಪಾಠಕ್ರಮದ ಆಯ್ಕೆ

ವಿದ್ಯೆಯನ್ನರಸಿ ಪರಸ್ಥಳಗಳಿಗೆ ತೆರಳಿ, ಮಠಗಳ ಪ್ರಸಾದ ನಿಲಯಗಳಲ್ಲಿ ಉಳಿದು ಓದಿದವರ ಪರಂಪರೆ ಕನ್ನಡ ನಾಡಿನಲ್ಲಿ ದೀರ್ಘವಾದುದು. ಇಂದು ಅಂತರ್ಜಾಲದ ಮೂಲಕ ಶ್ರೇಷ್ಠ ಪ್ರಾಧ್ಯಾಪಕರ ಪಾಠವೇ ವಿದ್ಯಾರ್ಥಿಯ ಮನೆಬಾಗಿಲಿಗೆ ಬಂದಿದೆ. ಆದರೆ ಪಾಠಗಳು ಹೇರಳವಾದಂತೆಲ್ಲ ಆಯ್ಕೆಯು ಕಠಿಣವಾಗಿದೆ. ಸಾಲಮಾಡಿ ಶುಲ್ಕ ತೆತ್ತ ಮೇಲೆ ಪ್ರಮಾಣಪತ್ರ ಮಾತ್ರ ಕೈಗೆ ಬಂದು ವಿದ್ಯೆ ಕೈಗೂಡದಿದ್ದರೆ, ಬಡ ಕುಟುಂಬಕ್ಕೆ ಅದು ಸಣ್ಣ ನಷ್ಟವಲ್ಲ.

ಯಂತ್ರಕಲಿಕೆ ಎಂಬ ಹೆಸರು ಅಮೆರಿಕದ ಆರ್ಥರ್ ಸ್ಯಾಮ್ಯುಯೆಲ್ ಅವರು ಚೆಕರ್ಸ್ ಆಟವನ್ನು ಕುರಿತು 1959ರಲ್ಲಿ ಪ್ರಕಟಿಸಿದ ಲೇಖನದಿಂದ ಪ್ರಚಾರಕ್ಕೆ ಬಂದಿತು. ಇದರ ತತ್ವ ಸರಳವಾದುದು. ಹಲವು ವರ್ಷಗಳ ಮಳೆಯ ಪ್ರಮಾಣವನ್ನೂ ಜೋಳದ ಇಳುವರಿಯನ್ನೂ ಗಣಕಯಂತ್ರಕ್ಕೆ ಕೊಟ್ಟರೆ, ಅವೆರಡರ ಸಂಬಂಧವನ್ನು ತೋರುವ ರೇಖೆಯನ್ನು ಅದು ಹುಡುಕುತ್ತದೆ. ಅಂದಾಜಿಗೂ ವಾಸ್ತವಕ್ಕೂ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತವು ಕನಿಷ್ಠವಾಗುವ ರೇಖೆಯೇ ಉತ್ತಮವೆನಿಸುತ್ತದೆ. ಕೆಲವು ವರ್ಷಗಳ ಅಂಕಿಅಂಶಗಳನ್ನು ಯಂತ್ರಕ್ಕೆ ತೋರಿಸದೆ ಬದಿಗಿರಿಸಿ, ಅವುಗಳಿಂದಲೇ ಅದನ್ನು ಪರೀಕ್ಷಿಸಬೇಕು. ಬಿಡಿಸಿದ ಲೆಕ್ಕಗಳನ್ನು ಬಾಯಿಪಾಠ ಮಾಡಿದ ಬಾಲಕನಿಗೆ ಹೊಸ ಲೆಕ್ಕ ಕೊಟ್ಟು ನೋಡುವಂತಹುದೇ ಈ ಕ್ರಮ.

ಆದುದರಿಂದ ಸಂಭವನೀಯತೆ, ಸಂಖ್ಯಾಶಾಸ್ತ್ರ, ಮಾತೃಕೆಗಳ ಗಣಿತ ಮತ್ತು ಕಲನಶಾಸ್ತ್ರಗಳೇ ಈ ವಿದ್ಯೆಯ ತಳಹದಿಯಾಗಿವೆ. ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು 1945ರಲ್ಲಿ ಪ್ರಕಟಿಸಿದ ಫಲಿತಾಂಶವೊಂದು ಅಂದಾಜಿನ ನಿಖರತೆಗೆ ಇರುವ ಮಿತಿಯನ್ನು ತೋರಿಸಿತು. ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿಯು 2023ರಲ್ಲಿ ಅವರಿಗೆ ಸಂದಿತು. ತಳಹದಿಯನ್ನು ಬಿಟ್ಟು ಕೆಲವೇ ವಾರಗಳಲ್ಲಿ ಪಾಂಡಿತ್ಯವನ್ನೂ ಉದ್ಯೋಗವನ್ನೂ ವಾಗ್ದಾನ ಮಾಡುವ ಪಾಠಕ್ರಮಗಳನ್ನು ಸಂಶಯದಿಂದಲೇ ಕಾಣಬೇಕು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಆ್ಯಂಡ್ರೂ ಎನ್‌ಜಿ ಅವರು 2011ರಲ್ಲಿ ಅಂತರ್ಜಾಲದಲ್ಲಿ ನಡೆಸಿದ ಯಂತ್ರಕಲಿಕೆಯ ಪಾಠಕ್ಕೆ ಒಂದು ಲಕ್ಷಕ್ಕೂ ಮಿಕ್ಕಿದ ಜನರು ಹೆಸರು ನೋಂದಾಯಿಸಿದರು. 2012ರಲ್ಲಿ ಅವರು ಡ್ಯಾಫ್ನಿ ಕೋಲರ್ ಅವರೊಡನೆ ಕೋರ್ಸೆರಾ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಪಾಠದ 2022ರ ಪರಿಷ್ಕೃತ ರೂಪವು ಪೈಥಾನ್ ಭಾಷೆಯನ್ನು ಬಳಸುತ್ತದೆ. ಭಾರತದಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ಶುಲ್ಕವಿಲ್ಲದೆ ಕೇಳಬಹುದು. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಕೇಂದ್ರದಲ್ಲಿ ಪರೀಕ್ಷೆಗೆ ಕುಳಿತುಕೊಳ್ಳಬೇಕು. ದೀರ್ಘ ವ್ಯಾಸಂಗವನ್ನು ಬಯಸುವವರಿಗೆ ಮದ್ರಾಸ್ ಐಐಟಿ 2020ರಲ್ಲಿ ಪ್ರಕಟಿಸಿದ ದತ್ತಾಂಶ ವಿಜ್ಞಾನದ ಪದವಿ ಶಿಕ್ಷಣವಿದೆ. ಅದು ತಳಹದಿ, ಡಿಪ್ಲೊಮಾ, ಪದವಿ ಎಂಬ ಮೆಟ್ಟಿಲುಗಳಲ್ಲಿ ಸಾಗುತ್ತದೆ. ಅಲ್ಪ ಆದಾಯದ ಕುಟುಂಬಗಳಿಗೆ ಶುಲ್ಕದಲ್ಲಿ ರಿಯಾಯಿತಿಯೂ ಉಂಟು.

ಆಯ್ಕೆಗೆ ಮುನ್ನ ವಿದ್ಯಾರ್ಥಿಯು ನಾಲ್ಕು ಸಂಗತಿಗಳನ್ನು ಪರಿಶೀಲಿಸಬೇಕು. ಮೊದಲನೆಯದಾಗಿ, ಪಾಠವು ಬಯಸುವ ಪೂರ್ವಜ್ಞಾನ ತನ್ನಲ್ಲಿದೆಯೇ? ಎರಡನೆಯದಾಗಿ, ಪ್ರತಿವಾರವೂ ಸ್ವತಃ ಬಿಡಿಸಬೇಕಾದ ಅಭ್ಯಾಸಗಳುಂಟೇ? ಮೂರನೆಯದಾಗಿ, ಅಶುದ್ಧವಾದ, ಅಪೂರ್ಣವಾದ ನಿಜವಾದ ದತ್ತಾಂಶದ ಮೇಲೆ ಕೆಲಸ ಮಾಡಿಸುತ್ತಾರೆಯೇ? ನಾಲ್ಕನೆಯದಾಗಿ, ಹಣ ಕಟ್ಟುವ ಮೊದಲು ಒಂದೆರಡು ಪಾಠಗಳನ್ನು ಕೇಳಿ ನೋಡಲು ಅವಕಾಶವುಂಟೇ? ಕನ್ನಡ ಮಾಧ್ಯಮದಲ್ಲಿ ಓದಿದವರು ಭಾಷೆಗೆ ಅಂಜಿ ಹಿಂಜರಿಯಬೇಕಾಗಿಲ್ಲ. ಪಾಠವನ್ನು ತಡೆತಡೆದು ಎರಡು ಮೂರು ಬಾರಿ ಕೇಳುವ ಸೌಲಭ್ಯ ತರಗತಿಯಲ್ಲಿಲ್ಲ, ಇಲ್ಲಿದೆ.

ಪಾಠಕ್ರಮಗಳನ್ನು ಒಂದರ ಮೇಲೊಂದು ಆರಂಭಿಸಿ ನಡುವೆಯೇ ತೊರೆಯುವುದಕ್ಕಿಂತ, ಒಂದನ್ನೇ ಹಿಡಿದು ಕೊನೆಮುಟ್ಟಿಸುವುದು ಶ್ರೇಯಸ್ಕರ. ಕಲಿತುದನ್ನು ತನ್ನ ಊರಿನ ಮಳೆ, ಬೆಳೆ, ಮಾರುಕಟ್ಟೆಯ ದರಗಳ ಲೆಕ್ಕಕ್ಕೆ ಅನ್ವಯಿಸಿ ನೋಡಿದಾಗಲೇ ಅದು ಸ್ವಂತದ್ದಾಗುತ್ತದೆ. ಅರಿವು ಕಾಯಕದಲ್ಲಿ ಸಾರ್ಥಕವಾಗುತ್ತದೆ ಎಂಬ ಶರಣರ ನಿಲುವು ಈ ನೂತನ ವಿದ್ಯೆಗೂ ಸಲ್ಲತಕ್ಕದ್ದಾಗಿದೆ.