ಬ್ರೇಕ್ ಡೌನ್: ಕೆಟ್ಟಿದ್ದು ಯಾವುದು?

ಹೋದ ಸೆಮಿಸ್ಟರಿನ ರಿಸಲ್ಟ್ ಬಂದ ದಿನ ಸಂಜೆ ನಮ್ಮ ಲ್ಯಾಬ್ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಗೆಳೆಯನೊಬ್ಬನ ಮೆಸೇಜ್ ಬಂತು. ಇಂಗ್ಲಿಷಿನಲ್ಲಿ ಮೂರೇ ಪದ: 'ಬ್ರೋಕ್ ಡೌನ್, ಗೈಸ್'. ಅವನ ಹತ್ತಿರ ಅವರಪ್ಪ ಓಡಿಸಿ ಬಿಟ್ಟ ಹಳೇ ಬೈಕ್ ಇದೆ, ತಿಂಗಳಿಗೆ ಎರಡು ಸಲವಾದರೂ ಕೈಕೊಡುತ್ತೆ. ನಾವು ಮೂವರೂ ತಕ್ಷಣ ಉತ್ತರ ಕೊಟ್ಟೆವು. ಒಬ್ಬರು 'ಎಲ್ಲಿ ನಿಂತಿದೀಯ?', ಇನ್ನೊಬ್ಬರು 'ಪ್ಲಗ್ ಬಿಚ್ಚಿ ಒರೆಸಿ ನೋಡು', ಮತ್ತೊಬ್ಬರಂತೂ ಮೆಕ್ಯಾನಿಕ್ ನಂಬರನ್ನೇ ಕಳಿಸಿದರು. ಅವನು ಒಂದು ಥಂಬ್ಸ್ ಅಪ್ ಹಾಕಿ ಸುಮ್ಮನಾದ.

ಬೈಕ್ ಅವತ್ತು ಹಾಸ್ಟೆಲ್ ಮುಂದೆಯೇ ಇತ್ತು, ಚೆನ್ನಾಗೇ ಇತ್ತು. ಎರಡು ಸಬ್ಜೆಕ್ಟ್ ಬ್ಯಾಕ್ ಉಳಿದಿದೆ ಅಂತ ಮನೆಗೆ ಫೋನ್ ಮಾಡಿ ಹೇಳುವಾಗ ಅವನು ಅತ್ತುಬಿಟ್ಟಿದ್ದ. ಅದು ನಮಗೆ ಗೊತ್ತಾಗಿದ್ದು ಮೂರು ದಿನ ಆದ ಮೇಲೆ. (ಅವನನ್ನು ಕೇಳಿಯೇ ಇದನ್ನು ಬರೀತಿದೀವಿ.)

ನಾವೆಲ್ಲ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ಮಿನವರೇ. ಆದರೂ ಎರಡು ಪುಟ್ಟ ಪದ ನಮ್ಮನ್ನು ಹೀಗೆ ಬೀಳಿಸಿತಲ್ಲ ಅಂತ ಡಿಕ್ಷನರಿ ತೆಗೆದು ಕೂತೆವು.

ಇಂಥವಕ್ಕೆ ಫ್ರೇಸಲ್ ವರ್ಬ್ ಅಂತಾರೆ. ಒಂದು ಸಣ್ಣ ಕ್ರಿಯಾಪದ, ಅದರ ಬಾಲಕ್ಕೆ ಅಪ್, ಡೌನ್, ಆಫ್, ಔಟ್ ಥರದ್ದೊಂದು ಪದ. ಬಿಡಿಬಿಡಿಯಾಗಿ ನೋಡಿದರೆ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಬ್ರೇಕ್ ಅಂದ್ರೆ ಮುರಿ, ಡೌನ್ ಅಂದ್ರೆ ಕೆಳಗೆ. ಆದರೆ 'ಕೆಳಗೆ ಮುರಿ' ಅನ್ನೋದರಿಂದ ಅಳು ಹೇಗೆ ಬಂತು?

ಮೊದಲು ಯಂತ್ರದ ಅರ್ಥ. ಬಸ್ಸು, ಲಿಫ್ಟು, ವಾಷಿಂಗ್ ಮಷೀನು ಬ್ರೇಕ್ ಡೌನ್ ಆಗುತ್ತವೆ, ಅಂದರೆ ಕೆಟ್ಟು ನಿಲ್ಲುತ್ತವೆ. ಕುರ್ಚಿ, ಲೋಟ ಹಾಗೆ ಆಗೋದಿಲ್ಲ, ಅವು ಬರೀ ಬ್ರೇಕ್ ಆಗುತ್ತವೆ. ಒಳಗೆ ಓಡುವಂಥದ್ದು ಏನಾದರೂ ಇರಬೇಕು, ಅದು ನಿಲ್ಲಬೇಕು. ಇದರ ಬದಲಿಗೆ ರಿಪೋರ್ಟಿನಲ್ಲಾದರೆ 'ಫೇಲ್' ಅಂತ ಬರೆಯಬಹುದು, ಹರಟೆಯಲ್ಲಾದರೆ 'ಕಾಂಕ್ ಔಟ್' ಅನ್ನಬಹುದು. ಅದೂ ಫ್ರೇಸಲ್ ವರ್ಬೇ, ನಮಗಂತೂ ಕೇಳೋಕೆ ಇದೇ ಮಜಾ.

ಮನುಷ್ಯ ಬ್ರೇಕ್ ಡೌನ್ ಆಗೋದು ಬರೀ 'ಕ್ರೈ' ಅಲ್ಲ. ಚಾಕೊಲೇಟ್ ಕೊಡಲಿಲ್ಲ ಅಂತ ಮಗು ಅತ್ತರೆ ಅದು ಕ್ರೈ. ಇಲ್ಲಿ ತಡೆದುಕೊಂಡಿರೋದು ಮುಖ್ಯ: ಇಷ್ಟು ಹೊತ್ತು ಹಿಡಿದಿಟ್ಟಿದ್ದರು, ಇನ್ನು ಆಗಲಿಲ್ಲ. ಕನ್ನಡದಲ್ಲಿ ನಾವು 'ದುಃಖದ ಕಟ್ಟೆ ಒಡೆಯಿತು' ಅಂತೀವಲ್ಲ, ಅದು ಇದರ ಪಕ್ಕದ ಮನೆ. ನಮ್ಮಲ್ಲೂ ಏನೋ ಒಂದು ಒಡೆಯುತ್ತೆ, ಆದರೆ ಒಡೆಯೋದು ಕಟ್ಟೆ, ಮನುಷ್ಯ ಅಲ್ಲ. 'ಫಾಲ್ ಅಪಾರ್ಟ್', 'ಕೊಲ್ಯಾಪ್ಸ್' ಹತ್ತಿರ ಬರುತ್ತವೆ, ಆದರೆ ಕೊಲ್ಯಾಪ್ಸ್ ಅಂದರೆ ತಲೆಸುತ್ತಿ ಬಿದ್ದ ಅಂತಲೂ ಆಗಬಹುದು, ನೋಡ್ಕೊಳ್ಳಿ. ಎರಡೂ ಪದ ಸೇರಿಸಿ 'ಬ್ರೇಕ್‌ಡೌನ್' ಅಂತ ನಾಮಪದ ಮಾಡಿದರೆ ತೂಕ ಇನ್ನೂ ಜಾಸ್ತಿ. 'ಹ್ಯಾಡ್ ಎ ಬ್ರೇಕ್‌ಡೌನ್' ಅಂತ ಒಬ್ಬರ ಬಗ್ಗೆ ಹೇಳಿದರೆ ಐದು ನಿಮಿಷದ ಅಳು ಅಲ್ಲ, ಮನಸ್ಸೇ ಕುಸಿದ ಹಾಗೆ. ಉಚ್ಚಾರದಲ್ಲೂ ವ್ಯತ್ಯಾಸ ಇದೆ: ನಾಮಪದದಲ್ಲಿ ಒತ್ತು 'ಬ್ರೇಕ್' ಮೇಲೆ, ಕ್ರಿಯಾಪದದಲ್ಲಿ 'ಡೌನ್' ಮೇಲೆ.

ಮಾತುಕತೆ ಬ್ರೇಕ್ ಡೌನ್ ಆದರೆ ಕನ್ನಡದಲ್ಲೂ 'ಮುರಿದುಬಿತ್ತು' ಅಂತಲೇ. ಬಾಗಿಲು ಮುರಿದು ಒಳಗೆ ನುಗ್ಗಿದರೂ ಅದೇ ಪದ. ಎಂಜಲಿನ ಅಮೈಲೇಸ್ ಅನ್ನದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯೋದೂ ಬ್ರೇಕ್ ಡೌನೇ. ಕಷ್ಟದ ಲೆಕ್ಕವನ್ನು ಹಂತಹಂತವಾಗಿ ಬಿಡಿಸಿ ಹೇಳೋದೂ ಅದೇ, ಆಗ ಹತ್ತಿರದ ಪದ 'ಅನಲೈಸ್'. ಫೆಸ್ಟ್ ಮುಗಿದ ಮೇಲೆ ಕೇಳುವ ಖರ್ಚಿನ ಬ್ರೇಕ್‌ಡೌನ್ ಅಂದರೆ ಬಾಬ್ತುವಾರು ಲೆಕ್ಕ. ಇಲ್ಲಿ ಒಂದು ಎಚ್ಚರ. ಒಡೆಯೋಕೆ ಏನಾದರೂ ವಸ್ತು ಇದ್ದರೆ 'ಬ್ರೇಕ್ ಇಟ್ ಡೌನ್' ಅನ್ನಬೇಕು. 'ಬ್ರೇಕ್ ಡೌನ್ ಇಟ್' ತಪ್ಪು, 'ಇಟ್' ಮಧ್ಯದಲ್ಲೇ ಕೂರಬೇಕು.

ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಬ್ರೇಕ್‌ಡೌನ್ ಇವೆಲ್ಲಕ್ಕಿಂತ ವಿಚಿತ್ರ. ಗಾಳಿ ಸಾಮಾನ್ಯವಾಗಿ ಕರೆಂಟ್ ಹರಿಯೋಕೆ ಬಿಡಲ್ಲ. ಸೆಂಟಿಮೀಟರಿಗೆ ಸುಮಾರು 30 ಕಿಲೋವೋಲ್ಟ್ ಆದಾಗ ತಡೆಯಲಾರದೆ ಬಿಟ್ಟುಕೊಡುತ್ತೆ, ಕಿಡಿ ಹಾರುತ್ತೆ. ಝೀನರ್ ಡಯೋಡಿಗೆ ರಿವರ್ಸ್ ವೋಲ್ಟೇಜ್ ಏರಿಸ್ತಾ ಹೋದರೆ ಒಂದು ಹಂತದವರೆಗೆ ಸುಮ್ಮನಿದ್ದು, ಆಮೇಲೆ ಸಡನ್ನಾಗಿ ಕರೆಂಟ್ ಹರಿಯುತ್ತೆ. ಅದಕ್ಕೂ ಬ್ರೇಕ್‌ಡೌನ್ ಅಂತಲೇ ಹೆಸರು, ಆದರೆ ಡಯೋಡ್ ಕೆಟ್ಟಿರಲ್ಲ! ಸೀರೀಸಿನಲ್ಲಿ ಸರಿಯಾದ ರೆಸಿಸ್ಟರ್ ಹಾಕಿ ಕರೆಂಟನ್ನು ಮಿತಿಯಲ್ಲಿಟ್ಟರೆ ವೋಲ್ಟೇಜ್ ಇಳಿಸಿದಾಗ ಮೊದಲಿನ ಹಾಗೇ ಆಗುತ್ತೆ. ರೆಸಿಸ್ಟರ್ ಮರೆತರೆ ಮಾತ್ರ ಸುಟ್ಟೇ ಹೋಗಬಹುದು. (ನಾವು ಒಂದನ್ನು ಸುಟ್ಟಿದ್ದೇವೆ.)

ಹಾಗಾದರೆ ಯಾವ ಅರ್ಥ ಅಂತ ಗೊತ್ತಾಗೋದು ಹೇಗೆ? ಕರ್ತೃವನ್ನು ನೋಡಿ ಅಂತ ಗ್ರಾಮರ್ ಪುಸ್ತಕದ ಧಾಟಿಯಲ್ಲಿ ಹೇಳಿಬಿಡಬಹುದು. ಆದರೆ ಅವನ ಮೆಸೇಜಿನಲ್ಲಿ ಕರ್ತೃವೇ ಇರಲಿಲ್ಲ. 'ಐ' ಅಂತ ಹಾಕಿದ್ದರೂ ಸಾಕಾಗ್ತಿರಲಿಲ್ಲ, ಯಾಕಂದ್ರೆ 'ಐ ಬ್ರೋಕ್ ಡೌನ್ ಆನ್ ದ ಹೈವೇ' ಅಂದರೆ ಗಾಡಿ ಕೆಟ್ಟಿತು ಅಂತಲೇ ಜನ ತಿಳಿಯೋದು. ಕನ್ನಡದಲ್ಲಿ ಕರ್ತೃವನ್ನು ನುಂಗಿದರೂ ಕ್ರಿಯಾಪದದ ಕೊನೆ ಬಾಯಿಬಿಡುತ್ತೆ. 'ಕೆಟ್ಟೋಯ್ತು' ಅಂದರೆ ಬೈಕು, 'ಅತ್ತುಬಿಟ್ಟೆ' ಅಂದರೆ ನಾನು. ಆ 'ಬಿಟ್ಟೆ' ನೋಡಿ, ಅಲ್ಲಿ ಯಾರೂ ಏನನ್ನೂ ಬಿಟ್ಟಿಲ್ಲ. ನನ್ನ ಕೈಮೀರಿ ಆಗಿಹೋಯ್ತು ಅಂತ ಹೇಳೋದಷ್ಟೇ ಅದರ ಕೆಲಸ. ಡೌನ್ ಥರದ್ದೇ ಒಂದು ಬಾಲ ನಮ್ಮಲ್ಲೂ ಇದೆ ಅನ್ನೋದನ್ನ ನಾವು ಇಷ್ಟು ದಿನ ಗಮನಿಸಿಯೇ ಇರಲಿಲ್ಲ.

'ಕನ್ನಡದಲ್ಲೇ ಹಾಕಬಹುದಿತ್ತಲ್ಲೋ' ಅಂತ ಅವನನ್ನು ಕೇಳಿದೆವು. 'ಅತ್ತೆ ಅಂತ ಟೈಪ್ ಮಾಡಿದ್ದೆ ಕಣ್ರೋ, ನಾಚಿಕೆ ಆಯ್ತು, ಅಳಿಸಿ ಇಂಗ್ಲಿಷಲ್ಲಿ ಹಾಕಿದೆ' ಅಂದ. ಇಂಗ್ಲಿಷಿನಲ್ಲಿ ಹೇಳಿದ ಹಾಗೂ ಆಯ್ತು, ಹೇಳದ ಹಾಗೂ ಆಯ್ತು. ನಾವು ಮೆಕ್ಯಾನಿಕ್ ನಂಬರ್ ಕಳಿಸಿದ್ದನ್ನು ನೋಡಿ ನಗು ಬಂದಿತ್ತಂತೆ. ನಂಬೋದೋ ಬಿಡೋದೋ ಗೊತ್ತಿಲ್ಲ.

ಹೋದ ವಾರ ಮತ್ತೆ ಅದೇ ಮೆಸೇಜ್ ಬಂತು. 'ಬೈಕಾ, ನೀನಾ?' ಅಂತ ಕೇಳಿದೆವು. 'ಬೈಕು. ಪ್ಲಗ್ಗು' ಅಂದ. ಎಲ್ಲಿದೀಯ ಅಂತ ಕೇಳಿಕೊಂಡು ಮೂವರೂ ಹೋದೆವು. ಪ್ಲಗ್ಗೇ ಆಗಿತ್ತು.