ಡೈನೊ ಚೀಟಿಯ ಎಚ್‌ಪಿ ನಂಬಿ ಜೀಪನ್ನು ತೋಟಕ್ಕೆ ಇಳಿಸಬಹುದಾ?

ಕೊಯ್ಲು ಹತ್ತಿರ ಬಂದ ಹಾಗೆ ಗ್ಯಾರೇಜುಗಳ ಮುಂದೆ ತೋಟದ ಜೀಪುಗಳ ಸಾಲು ಬೆಳೀತದೆ. ಈಗೀಗ ಕ್ಲಚ್ಚು, ಬ್ರೇಕಿನ ಜೊತೆಗೆ ಇನ್ನೊಂದು ಮಾತೂ ಕೇಳ್ತಾ ಇದೆ: "ಟ್ಯೂನ್ ಮಾಡ್ಸಿ, ಮೂವತ್ತು ಎಚ್‌ಪಿ ಜಾಸ್ತಿ ಸಿಗ್ತದೆ, ಡೈನೊ ಚೀಟಿ ಸಮೇತ ಕೊಡ್ತಾರೆ." ಹಳೇ ಜೀಪು ಮಾರುವವರೂ ಈಗ ಅಂಥ ಚೀಟಿ ತೋರಿಸ್ತಾರೆ. ಆ ಚೀಟಿಯನ್ನು ಎಷ್ಟು ನಂಬಬೇಕು ಅನ್ನೋದನ್ನು ನಾನು ದುಡ್ಡು ಕೊಟ್ಟು ಕಲಿತವನು. ಅದಕ್ಕೇ ಈ ವಾರ ಗೊಬ್ಬರ, ಔಷಧಿ ಬಿಟ್ಟು ಇದನ್ನು ಬರೀತಿದ್ದೇನೆ.

ನನ್ನ ಜೀಪಿನ ಕತೆ

ನಮ್ಮ ತೋಟ ಬಾಬಾಬುಡನ್‌ಗಿರಿಯ ಇಳಿಜಾರಿನಲ್ಲಿದೆ. ಹಳ್ಳದ ಕಡೆಯ ತಾಕಿನಿಂದ ಕಣಕ್ಕೆ ಬರುವ ಮಣ್ಣಿನ ದಾರಿ ಒಂದು ಕಡೆ ತುಂಬಾ ಕಡಿದು. ನನ್ನದು ಟರ್ಬೊ ಡೀಸೆಲ್ ಜೀಪು. ಕೊಯ್ಲಿಗೆ ಮುಂಚೆ ಪೇಟೆಯ ಒಂದು ಕಡೆ ಟ್ಯೂನ್ ಮಾಡಿಸಿದೆ. ಕೈಗೆ ಬಂದ ಚೀಟಿಯಲ್ಲಿ "ಮೊದಲು 100, ಆಮೇಲೆ 137" ಅಂತಿತ್ತು. ಖುಷಿಯಾಗಿ ಮನೆಗೆ ಬಂದೆ.

ಜನವರಿಯ ಒಂದು ಸಂಜೆ ಹಣ್ಣಿನ ಮೂಟೆ ತುಂಬಿಕೊಂಡು ಅದೇ ಏರು ಹತ್ತುವಾಗ ಅರ್ಧದಲ್ಲಿ ಜೀಪು ನಿಂತಿತು. ಡ್ರೈವರು ರೇಸ್ ಕೊಟ್ಟ, ಸುಟ್ಟ ವಾಸನೆ ಬಂತು. "ಗೌಡ್ರೇ, ಕ್ಲಚ್ಚು ಹಿಡೀತಿಲ್ಲ" ಅನ್ನುವಷ್ಟರಲ್ಲಿ ಗಾಡಿ ಹಿಂದಕ್ಕೆ ಜಾರಿತು. ಮೂಟೆ ಮೇಲೆ ಕೂತಿದ್ದ ಇಬ್ಬರು ಹೆಂಗಸರು ಹಾರಿಕೊಂಡರು. ಹಿಂದಿನ ಚಕ್ರ ಸಿಲ್ವರ್ ಮರದ ಬುಡಕ್ಕೆ ತಾಗಿ ನಿಂತದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಹಣ್ಣು ಮಾತ್ರ ರಾತ್ರಿಯೆಲ್ಲ ಮೂಟೆಯಲ್ಲೇ ಉಳಿದು ಹುಳಿ ವಾಸನೆ ಬಂತು. ಅದು ಪಲ್ಪರ್‌ಗೆ ಹೋಗಲಿಲ್ಲ, ಚೆರ್ರಿ ಮಾಡಬೇಕಾಯ್ತು. ಮೂಟೆ ಮೇಲೆ ಜನ ಕೂರಿಸಿದ್ದು ನನ್ನ ತಪ್ಪು, ಅದನ್ನು ಒಪ್ಪಿಕೊಳ್ತೇನೆ. ಆದರೆ 137 ಎಚ್‌ಪಿ ಎಲ್ಲಿ ಹೋಯ್ತು?

137 ಬಂದದ್ದು ಹೇಗೆ?

ಆಮೇಲೆ ಕೂತು ವಿವರ ಕೇಳಿದಾಗ ಗೊತ್ತಾಯ್ತು. ಡೈನೊ ಅಂದ್ರೆ ಗಾಡಿಯ ಚಕ್ರವನ್ನು ಉರುಳೆ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ. ಅದು ಅಳೆಯುವುದು ಚಕ್ರಕ್ಕೆ ಬಂದ ಶಕ್ತಿಯನ್ನು, ಇಂಜಿನ್ನಿನದ್ದನ್ನಲ್ಲ. ನನ್ನ ಜೀಪಿನಲ್ಲಿ ಅಳತೆಗೆ ಸಿಕ್ಕಿದ್ದು 104. ಹವೆಯ ಲೆಕ್ಕ ಅಂತ ಅದಕ್ಕೆ ಶೇ 10 ಸೇರಿಸಿದರು, 114 ಆಯ್ತು. ಗೇರುಬಾಕ್ಸು, ಆಕ್ಸಲ್‌ನಲ್ಲಿ ಕಳೆದುಹೋಗಿದ್ದು ಅಂತ ಮತ್ತೆ ಶೇ 20 ಸೇರಿಸಿದರು, 137 ಆಯ್ತು. ಇನ್ನು "ಮೊದಲು 100" ಅನ್ನೋದನ್ನು ಅಳೆದೇ ಇರಲಿಲ್ಲ. ಅದು ಕಂಪನಿ ಪುಸ್ತಕದ ಅಂಕಿ!

ಹಾಗಂತ ಯಂತ್ರ ಸುಳ್ಳು ಹೇಳಿತು ಅನ್ನೋಕಾಗಲ್ಲ. ಅಳತೆ ಒಂದಾದರೆ ಅದರ ಮೇಲೆ ಕಟ್ಟಿದ ಲೆಕ್ಕವೇ ಬೇರೆ. ಒಂದೊಂದಾಗಿ ನೋಡೋಣ.

ಹವೆಯ ಲೆಕ್ಕ: ಎತ್ತರ ಹೋದಷ್ಟೂ ಗಾಳಿ ತೆಳು. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. 1,000 ಮೀಟರ್ ಎತ್ತರದಲ್ಲಿ ಅದು ಸುಮಾರು 90, ಗಿರಿಯ ತುದಿಯ 1,900 ಮೀಟರ್ ಹತ್ತಿರ 80ರ ಆಸುಪಾಸು. ಟರ್ಬೊ ಇಲ್ಲದ ಇಂಜಿನ್ 100 ಮೀಟರಿಗೆ ಸುಮಾರು ಶೇ 1ರಷ್ಟು ಶಕ್ತಿ ಕಳ್ಕೊಳ್ತದೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಅಲ್ಲಿ ಅಳೆದದ್ದನ್ನು ಮಂಗಳೂರಿನಲ್ಲಿ ಅಳೆದದ್ದಕ್ಕೆ ಹೋಲಿಸೋಕೆ ತಿದ್ದುಪಡಿ ಬೇಕೇ ಬೇಕು. ಆದರೆ ತಿದ್ದುಪಡಿಗೂ ಬೇರೆ ಬೇರೆ ಪದ್ಧತಿಗಳಿವೆ. ಎಸ್‌ಎಇ ಪದ್ಧತಿಗಿಂತ 'ಎಸ್‌ಟಿಡಿ' ಅನ್ನೋದು ಸುಮಾರು ಶೇ 4 ಜಾಸ್ತಿ ತೋರಿಸ್ತದೆ. ಟರ್ಬೊ ಇಂಜಿನ್ ತೆಳು ಗಾಳಿಯನ್ನು ಸ್ವಲ್ಪ ತಾನೇ ಸರಿದೂಗಿಸಿಕೊಳ್ತದೆ. ಅದಕ್ಕೂ ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ನಿನ ಸೂತ್ರವನ್ನೇ ಹಾಕಿದರೆ ಇಲ್ಲದ ಎಚ್‌ಪಿ ಹುಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯ, ಚೀಟಿಯಲ್ಲಿ ತಿದ್ದಿದರೆ ನಮ್ಮ ಗುಡ್ಡದ ಗಾಳಿ ದಪ್ಪ ಆಗಲ್ಲ.

ಗೇರಿನ ನಷ್ಟ: ಇಷ್ಟೇ ಶೇಕಡಾ ಅಂತ ಎಲ್ಲ ಗಾಡಿಗೂ ಒಂದೇ ಅಂಕಿ ಇಲ್ಲ. ಚಕ್ರದಲ್ಲಿ 95 ಸಿಕ್ಕಿದರೆ, ನಷ್ಟ ಶೇ 15 ಅಂದರೆ ಇಂಜಿನ್ 112, ಶೇ 20 ಅಂದರೆ 119. ಈ ಏಳು ಎಚ್‌ಪಿ ಬರೀ ಊಹೆ.

ಯಂತ್ರ ಮತ್ತು ಅಳೆಯುವ ರೀತಿ: ಕೆಲವು ಡೈನೊದಲ್ಲಿ ಭಾರವಾದ ಉರುಳೆ ಎಷ್ಟು ಬೇಗ ತಿರುಗಿತು ಅಂತ ನೋಡ್ತಾರೆ. ಕೆಲವು ಬ್ರೇಕಿನ ಹಾಗೆ ಎದುರು ಭಾರ ಕೊಟ್ಟು ಅಳೀತವೆ. ಎರಡರ ಅಂಕಿ ಒಂದೇ ಬರಲ್ಲ. ಟೈರಿನ ಗಾಳಿ, ಪಟ್ಟಿ ಬಿಗಿದ ರೀತಿ, ಯಾವ ಗೇರು, ಇಂಜಿನ್ ಎಷ್ಟು ಕಾದಿತ್ತು, ಇವೆಲ್ಲವೂ ಅಂಕಿ ಬದಲಾಯಿಸ್ತವೆ.

ನಮ್ಮ ಏರಿಗೆ ಬೇಕಾದ್ದೆಷ್ಟು?

ನನ್ನ ಕಣ್ಣು ತೆರೆಸಿದ್ದು ಈ ಲೆಕ್ಕ. ಮೂಟೆ ಸೇರಿ 2,500 ಕೆಜಿ ತೂಕದ ಜೀಪು, ಐದು ಅಡಿಗೆ ಒಂದು ಅಡಿ ಏರುವ ಮಣ್ಣಿನ ದಾರಿ, ಗಂಟೆಗೆ 10 ಕಿಲೋಮೀಟರ್ ವೇಗ. ಇದಕ್ಕೆ ಚಕ್ರದಲ್ಲಿ ಬೇಕಾದ್ದು ಸುಮಾರು 22 ಎಚ್‌ಪಿ ಅಷ್ಟೇ!

ಹಾಗಾದರೆ ನನ್ನ ಜೀಪು ಯಾಕೆ ಸೋತಿತು? ಚೀಟಿಯಲ್ಲಿರುವ ದೊಡ್ಡ ಅಂಕಿ ಸಿಗೋದು ಇಂಜಿನ್ ಜೋರಾಗಿ ತಿರುಗುವಾಗ ಮಾತ್ರ. 2010ರಲ್ಲಿ ಬಂದ ಥಾರ್ ಸಿಆರ್‌ಡಿಇ ತಗೊಳ್ಳಿ. ಕಂಪನಿ ಲೆಕ್ಕದಲ್ಲಿ 105 ಎಚ್‌ಪಿ, ಅದು 3,800 ಆರ್‌ಪಿಎಂನಲ್ಲಿ. ಅದರ ಗರಿಷ್ಠ ಟಾರ್ಕ್ 247 ನ್ಯೂಟನ್ ಮೀಟರ್, 2,000 ಆರ್‌ಪಿಎಂ ಹತ್ತಿರ. ಲೆಕ್ಕ ಹಾಕಿದರೆ ಅಲ್ಲಿ ಸಿಗೋದು ಸುಮಾರು 69 ಎಚ್‌ಪಿ. ಇದು ದೋಷ ಅಲ್ಲ, ಹಾಗೇ ಇರಬೇಕು. ಏರು ಹತ್ತೋಕೆ ಬೇಕಾದ್ದು ಈ ಕೆಳಗಿನ ಎಳೆತ.

ನನ್ನ ಜೀಪಿನ ಟ್ಯೂನಿಂಗ್‌ನಲ್ಲಿ ಜಾಸ್ತಿ ಆದದ್ದೆಲ್ಲ 2,800ರ ಮೇಲೆ. ಕೆಳಗೆ ಏನೂ ಜಾಸ್ತಿ ಆಗಿರಲಿಲ್ಲ. ಆ ಶಕ್ತಿ ಹಿಡಿಯೋಕೆ ಡ್ರೈವರು ರೇಸ್ ಕೊಟ್ಟು ಅರ್ಧ ಕ್ಲಚ್ಚಿನಲ್ಲಿ ಹತ್ತಿಸಿದ. ಮೊದಲೇ ಸವೆದಿದ್ದ ಕ್ಲಚ್ಚು ಸುಟ್ಟಿತು.

ಚೀಟಿ ಕೈಗೆ ಬಂದರೆ ಏನು ಕೇಳಬೇಕು?

1. "ಮೊದಲು" ಮತ್ತು "ಆಮೇಲೆ" ಎರಡನ್ನೂ ಅದೇ ಯಂತ್ರದಲ್ಲಿ, ಅದೇ ದಿನ, ಅದೇ ಗೇರಿನಲ್ಲಿ ಅಳೆದಿರಬೇಕು. ಡೈನೊ ನಿಜವಾಗಿ ಉಪಯೋಗಕ್ಕೆ ಬರೋದು ಈ ಹೋಲಿಕೆಗೇ.
2. ಒಂದೇ ಸಲ ಓಡಿಸಿದ್ದು ಸಾಲದು. ಮೂರು ಸಲ ಓಡಿಸಿ ಮೂರೂ ಹತ್ತಿರ ಹತ್ತಿರ ಬಂದಿವೆಯಾ ನೋಡಿ.
3. ಚಕ್ರದ ಅಂಕಿಯಾ, ಇಂಜಿನ್ ಅಂಕಿಯಾ ಕೇಳಿ. ತಿದ್ದುಪಡಿ ಇಲ್ಲದ ಅಳತೆಯನ್ನೂ ಬರೆಸಿಕೊಳ್ಳಿ.
4. ಎಚ್‌ಪಿಯಾ, ಪಿಎಸ್ಸಾ ನೋಡಿ. 100 ಪಿಎಸ್ ಅಂದ್ರೆ 98.6 ಎಚ್‌ಪಿ.
5. ಒಂದು ಅಂಕಿ ಬೇಡ, ಪೂರ್ತಿ ಗೆರೆ ಕೇಳಿ. 1,500ರಿಂದ 2,500 ಆರ್‌ಪಿಎಂವರೆಗೆ ಟಾರ್ಕ್ ಗೆರೆ ಮೇಲೆ ಹೋಗದಿದ್ದರೆ ತೋಟಕ್ಕೆ ಆ ಟ್ಯೂನಿಂಗ್ ದಂಡ.

ಕಾನೂನಿನ ವಿಷಯವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಕೆಲಸ ಮಾಡಿಸುವ ಮುಂಚೆ ಆರ್‌ಟಿಒ ಮತ್ತು ವಿಮೆಯವರನ್ನು ಕೇಳಿ.

ರೈತರಿಗೆ ಇದು ಹೊಸ ಜಗಳ ಅಲ್ಲ

ಅಮೆರಿಕದ ನೆಬ್ರಾಸ್ಕಾದಲ್ಲಿ ಹೇಳಿದಷ್ಟು ಎಳೆಯದ ಟ್ರ್ಯಾಕ್ಟರ್ ಕೊಂಡು ನೊಂದ ವಿಲ್ಮಟ್ ಕ್ರೋಜಿಯರ್ ಅನ್ನುವ ರೈತರು ಶಾಸಕರಾಗಿ, 1919ರಲ್ಲಿ ಟ್ರ್ಯಾಕ್ಟರ್ ಪರೀಕ್ಷೆಯ ಕಾನೂನು ತರಲು ಕಾರಣರಾದರು. ನಮ್ಮಲ್ಲಿ ಆ ಕೆಲಸ ಮಾಡುವುದು ಮಧ್ಯಪ್ರದೇಶದ ಬುಧ್ನಿಯ ಕೇಂದ್ರ ಸರ್ಕಾರದ ಸಂಸ್ಥೆ. ಟ್ರ್ಯಾಕ್ಟರ್ ಕೊಳ್ಳುವಾಗ ಬಾನೆಟ್ ಮೇಲಿನ ಎಚ್‌ಪಿ ನೋಡಬೇಡಿ. ಬುಧ್ನಿ ವರದಿಯಲ್ಲಿ ಪಿಟಿಒ ಶಕ್ತಿ ಎಷ್ಟು ಅಂತ ಡೀಲರನ್ನು ಕೇಳಿ. ಸ್ಪ್ರೇಯರ್, ಪಂಪು ಓಡಿಸೋದು ಅದೇ.

ಟ್ಯೂನ್ ಆದ ಜೀಪಿಗೆ ಬುಧ್ನಿ ಇಲ್ಲ. ಹಾಗಾಗಿ ಕೊನೇ ಪರೀಕ್ಷೆ ನಿಮ್ಮ ತೋಟದಲ್ಲೇ ಮಾಡಿ. ಕೊಯ್ಲು ಶುರುವಾಗುವ ಮುಂಚೆ ಒಂದು ದಿನ ಮರಳಿನ ಚೀಲ ತುಂಬಿ, ಹಿಂದೆ ಯಾರನ್ನೂ ಕೂರಿಸದೆ, ಹಿಂದೆ ಕೆಳಗೆ ಯಾರೂ ನಿಲ್ಲದ ಹಾಗೆ ನೋಡಿಕೊಂಡು, ನಿಮ್ಮ ಅತಿ ಕಡಿದಾದ ಏರನ್ನು ಲೋ ಗೇರಿನಲ್ಲಿ ನಿಧಾನಕ್ಕೆ ಹತ್ತಿಸಿ. ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ. ಕ್ಲಚ್ಚಿನ ವಾಸನೆ ಬರದೆ ಹತ್ತಿದರೆ ಗಾಡಿ ಸರಿ. ನಾನು ಕ್ಲಚ್ಚು ಬದಲಾಯಿಸಿ, ಟ್ಯೂನಿಂಗ್ ತೆಗೆಸಿ ಹಳೇ ಸೆಟ್ಟಿಂಗಿಗೇ ಹೋದೆ. ಈಗ ಅದೇ ಏರನ್ನು ಅದೇ ಜೀಪು ಎರಡು ಮೂಟೆ ಕಮ್ಮಿ ಹೊತ್ತು ಹತ್ತುತ್ತದೆ. ಹೆಂಗಸರು ನಡೆದೇ ಬರ್ತಾರೆ.